ಲಿಂಗೈಕ್ಯ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು

ಅಂದಿನ ಧಾರವಾಡ ಜಿಲ್ಲೆಯ ರಾಣಿಬೆನ್ನೂರು ತಾಲೂಕಿಗೆ ಸೇರಿದ ಜೋಯಿಸರಹರಳಹಳ್ಳಿಯಲ್ಲಿ, ಸಾಲಿಮಠದ ಬಸವಯ್ಯ ನೀಲಮ್ಮನವರೆಂಬ ಜಂಗಮ ದಂಪತಿಗಳ ಪುತ್ರರಾಗಿ ಶ್ರೀಗಳವರು 1867ನೆಯ ಇಸವಿಯಲ್ಲಿ ಜನಿಸಿದರು. ಹಾಲಯ್ಯನೆಂಬುದು ಬಾಲ್ಯದ ನಾಮಧೇಯ. ಆ ಮನೆಯಲ್ಲಿ ಆಚಾರಶೀಲಗಳಿಗೆ ಕೊರತೆಯಿರಲಿಲ್ಲ. ಕಾಳುಕಡ್ಡಿಗೆ ಮಾತ್ರ ಕೊರತೆಯಿದ್ದಿತು.

ಓದಬೇಕೆಂಬ ಹಂಬಲದಿಂದ ಪರವೂರು ಸೇರಿದ ಬಾಲಕನು ಜೋಳಿಗೆ ಹಿಡಿದು ಮನೆಮನೆಯ ಭಿಕ್ಷೆಯಿಂದ ಉದರಪೋಷಣೆ ಮಾಡಿಕೊಂಡು ಶಾಲೆಗೆ ಹೋಗಬೇಕಾಯಿತು. ಆ ಕಾಲದ ಬಡವನಿಗೆ ಮುಲ್ಕಿ ಪರೀಕ್ಷೆಯೇ ನೌಕರಿಯ ಹೆಬ್ಬಾಗಿಲು. ಹಾಲಯ್ಯನು ಅದರಲ್ಲಿ ಅನುತ್ತೀರ್ಣನಾದನು. ಉಳ್ಳವರ ಮಗನಾದರೆ ಮತ್ತೊಂದು ವರುಷ ಓದುವನು. ಜೋಳಿಗೆಯವನಿಗೆ ಆ ಅನುಕೂಲವೆಲ್ಲಿಯದು? ಲಿಂಗದಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತ ಕೆಲಕಾಲ ಕಳೆದು, ಕೂಡಿಟ್ಟ ಹಣವನ್ನು ತಾಯಿಗೊಪ್ಪಿಸಿ, ಆಕೆಯ ಅಪ್ಪಣೆ ಬೇಡಿ ವೈರಾಗ್ಯಮಾರ್ಗವನ್ನು ಹಿಡಿದನು. ದುಡಿದು ಸಾಕಬೇಕಾಗಿದ್ದ ಮಗನನ್ನು ಬಡತನದಲ್ಲಿಯೇ ಬಿಟ್ಟುಕೊಟ್ಟ ಆ ತಾಯಿಯ ತ್ಯಾಗವು ಮಗನ ತ್ಯಾಗಕ್ಕಿಂತ ಕಿರಿದೆನ್ನಲಾಗದು.

ಮುಂದೆ ಹಾನಗಲ್ಲ ವಿರಕ್ತಮಠದ ಪಟ್ಟವೇರಿದ ಮೇಲೆಯೂ ಶ್ರೀಗಳವರು ಜೋಳಿಗೆಯನ್ನು ಕೆಳಗಿಡಲಿಲ್ಲ. ಈಗ ಬೇಡಿದ್ದು ಸಮಾಜದ ಮಕ್ಕಳಿಗಾಗಿ. 1904ರಲ್ಲಿ ಅವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ನೆರೆಯಿತು. ಅದಕ್ಕೆ ಅಧ್ಯಕ್ಷರಾಗಿದ್ದ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟರು.

1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವು ಸ್ಥಾಪನೆಗೊಂಡಿತು. ವಟುಗಳಿಗೆ ಅನ್ನವಸ್ತ್ರಗಳನ್ನಿತ್ತು ಸಂಸ್ಕೃತ, ಕನ್ನಡ, ಯೋಗ, ಸಂಗೀತಗಳನ್ನು ಕಲಿಸುವ ಏರ್ಪಾಡಾಯಿತು. ಅಲ್ಲಿ ಆಶ್ರಯವು ಮಠಗಳ ಸೇವೆಗೆ ಸಿದ್ಧರಾಗುವ ಹುಡುಗರಿಗೇ ಹೊರತು ಎಲ್ಲರಿಗೂ ಅಲ್ಲವೆಂಬುದು ದಿಟ. ಆದರೆ ಅಲ್ಲಿ ತರಬೇತಾಗಿ ಹೊರಟವರು ತಮ್ಮತಮ್ಮ ಊರುಗಳಲ್ಲಿ ಪಾಠಶಾಲೆ, ಪ್ರಸಾದನಿಲಯಗಳನ್ನು ತೆರೆಯಲಾಗಿ, ಅನ್ನಕ್ಕಾಗಿ ಓದು ಬಿಡಬೇಕಾಗಿದ್ದ ಎಷ್ಟೋ ಮಕ್ಕಳು ಶಾಲೆಯಲ್ಲಿ ಉಳಿದರು.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಬಡ ಅಂಧಬಾಲಕ ಗದಿಗೆಯ್ಯನ ಕಂಠಮಾಧುರ್ಯವನ್ನು ಕೇಳಿ, ಅವನನ್ನು ಕರೆತಂದು ಸಂಗೀತ ಕಲಿಸಿದವರೂ ಶ್ರೀಗಳವರೇ. ಆತನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾಗಿ, ಗದುಗಿನಲ್ಲಿ ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ನೀಡಿದರು.

ಶ್ರೀಗಳವರು 1930ನೆಯ ಇಸವಿ ಫೆಬ್ರುವರಿಯಲ್ಲಿ ಶಿವಯೋಗಮಂದಿರದಲ್ಲಿಯೇ ಲಿಂಗೈಕ್ಯರಾದರು.