ಅಕ್ಷರದವ್ವ ಸಾವಿತ್ರಿಬಾಯಿ ಫುಲೆ



ವೀರರು ಎಂದ ಕೂಡಲೇ ನನಗೆ ಕತ್ತಿ, ಕುದುರೆ ನೆನಪಾಗುತ್ತಿದ್ದವು. ಆದರೆ ಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡು ಶಾಲೆಗೆ ಹೋಗುತ್ತಿದ್ದ ವೀರಮಹಿಳೆಯ ಬಗ್ಗೆ ಓದಿದ ಮೇಲೆ ನನ್ನ ವಿಚಾರ ಬದಲಾಯಿತು. ಅವರೇ ಸಾವಿತ್ರಿಬಾಯಿ ಫುಲೆ.

ಅವರು ಹುಟ್ಟಿದ್ದು 1831ರ ಜನವರಿ 3ರಂದು, ಇಂದಿನ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ. ನಮ್ಮ ಹಾಗೇ ಹಳ್ಳಿಯ ಹುಡುಗಿ. 9ನೇ ವಯಸ್ಸಿಗೇ ಮದುವೆ ಆಯ್ತು. ಗಂಡ ಜ್ಯೋತಿಬಾ ಫುಲೆಯವರಿಗೆ ಆಗ 13 ವರ್ಷ. ಸಾವಿತ್ರಿಬಾಯಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನೇ ಗುರುವಾಗಿ ಅಕ್ಷರ ಕಲಿಸಿದರು. 1848ರಲ್ಲಿ ಇಬ್ಬರೂ ಸೇರಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆಗ ಸಾವಿತ್ರಿಬಾಯಿಗೆ ಬರೀ 17 ವರ್ಷ!

ಹೆಣ್ಣುಮಕ್ಕಳು ಓದಿದರೆ ಧರ್ಮ ಕೆಡುತ್ತದೆ ಎಂದು ನಂಬಿದ್ದ ಕಾಲ ಅದು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಬೈದರು, ಸೆಗಣಿ ಎರಚಿದರು, ಕಲ್ಲು ಎಸೆದರು. ಅದಕ್ಕೇ ಅವರು ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಹೊಲಸಾದ ಸೀರೆ ಬದಲಿಸಿ ಪಾಠ ಮಾಡುತ್ತಿದ್ದರು. ಕೊನೆಗೆ ಗಂಡ ಹೆಂಡತಿ ಇಬ್ಬರೂ ಮಾವನ ಮನೆ ಬಿಡಬೇಕಾಯ್ತು. ಶಾಲೆ ಮಾತ್ರ ಬಿಡಲಿಲ್ಲ. ಅವರಿಗೂ ಹೆದರಿಕೆ ಆಗಿರಬಹುದು. ಆದರೂ ಮರುದಿನ ಮತ್ತೆ ಅದೇ ದಾರಿ ಹಿಡಿದರು. ಧೈರ್ಯ ಅಂದರೆ ಇದೇ ಎಂದು ನನಗನಿಸಿತು.

1863ರಲ್ಲಿ ವಿಧವೆಯರ ಹೆರಿಗೆಗೆ, ಅವರ ಕೂಸುಗಳ ರಕ್ಷಣೆಗೆ ಮನೆಯಲ್ಲೇ ಆಸರೆ ಕೊಟ್ಟರು. ಹಾಗೆ ಹುಟ್ಟಿದ ಯಶವಂತ ಎಂಬ ಮಗುವನ್ನು ದತ್ತು ಪಡೆದು ಡಾಕ್ಟರ್ ಮಾಡಿದರು. 1868ರಲ್ಲಿ ಅಸ್ಪೃಶ್ಯರೆಂದು ದೂರ ಇಟ್ಟ ಜನರಿಗೆ ಫುಲೆ ದಂಪತಿ ತಮ್ಮ ಮನೆಯ ನೀರು ತೆರೆದುಕೊಟ್ಟರು. 1890ರಲ್ಲಿ ಜ್ಯೋತಿಬಾ ತೀರಿಕೊಂಡಾಗ ಶವದ ಮುಂದೆ ಮಡಕೆ ಹಿಡಿದು ತಾವೇ ನಡೆದರು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಜನ ಊರು ಬಿಟ್ಟು ಓಡುತ್ತಿದ್ದರು. ಸಾವಿತ್ರಿಬಾಯಿ ಮಾತ್ರ ಮಗನ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ನಿಂತರು. ಒಬ್ಬ ಹುಡುಗನನ್ನು ತಾವೇ ಹೊತ್ತು ತಂದರು. ಅವರಿಗೂ ರೋಗ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಆಗ 66 ವರ್ಷ. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಟ್ಟರು.

ಗೆಳತಿಯರೇ, ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲಿಗೆ ಪಕ್ಕದ ಊರಿಗೆ ನಡೆಯಬೇಕು. ನಮ್ಮ ಅಕ್ಕ ಏಳಕ್ಕೇ ಬಿಟ್ಟಳು. ನನಗೂ ಇಷ್ಟೇ ಸಾಕು ಅಂತ ಅಜ್ಜಿ ಹೇಳುತ್ತಾಳೆ. ನಿನ್ನೆ ರಾತ್ರಿ ಅಜ್ಜಿಗೆ ಈ ಕಥೆ ಪೂರ್ತಿ ಹೇಳಿದೆ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಸೀರೆ ದಿನಾ ಯಾರು ಒಗೀತಿದ್ರು ಅಂತ ಮಾತ್ರ ಕೇಳಿದಳು. ಇವತ್ತು ರಾತ್ರಿ ಮತ್ತೆ ಕೇಳುತ್ತೇನೆ. ನನ್ನ ಜೊತೆ ಹೈಸ್ಕೂಲಿಗೆ ಯಾರು ಯಾರು ಬರುತ್ತೀರಿ?

— ಏಳನೇ ತರಗತಿ ವಿದ್ಯಾರ್ಥಿನಿ