ಇಗೋರ್ ಸಿಕೋರ್ಸ್ಕಿ ಮತ್ತು ಒಂದು ಸೊಳ್ಳೆ

ಮಕ್ಕಳೇ, ಒಂದು ಸೊಳ್ಳೆ ವಿಮಾನವನ್ನು ಕೆಳಗಿಳಿಸಬಲ್ಲದೇ? ಇಗೋರ್ ಸಿಕೋರ್ಸ್ಕಿಯವರ ಬದುಕಿನಲ್ಲಿ ಹಾಗೆಯೇ ಆಯಿತು.

ಅವರು 1889ರಲ್ಲಿ, ಇಂದು ಉಕ್ರೇನ್ ದೇಶದ ರಾಜಧಾನಿಯಾಗಿರುವ ಕೀವ್ ನಗರದಲ್ಲಿ ಜನಿಸಿದರು. 1909ರಲ್ಲಿ ಕಟ್ಟಿದ ಮೊದಲ ಹೆಲಿಕಾಪ್ಟರ್ ಮೇಲೇಳಲೇ ಇಲ್ಲ. ಆಮೇಲೆ ವಿಮಾನಗಳತ್ತ ತಿರುಗಿದರು. ಒಮ್ಮೆ ಹಾರುತ್ತಿದ್ದಾಗ ಎಂಜಿನ್ ನಿಂತುಹೋಯಿತು. ಹೇಗೋ ಪ್ರಾಣ ಉಳಿಯಿತು. ಬಿಚ್ಚಿ ನೋಡಿದರೆ, ಪೆಟ್ರೋಲಿನಲ್ಲಿ ಸೇರಿಕೊಂಡಿದ್ದ ಸೊಳ್ಳೆಯೊಂದು ಕಾರ್ಬುರೇಟರಿನಲ್ಲಿ ಸಿಕ್ಕಿಬಿದ್ದಿತ್ತು! ಒಂದು ಎಂಜಿನ್ ನಿಂತರೂ ಹಾರುವಂತಿರಬೇಕೆಂದು 1913ರಲ್ಲಿ ನಾಲ್ಕು ಎಂಜಿನ್ನುಗಳ ವಿಮಾನ ಹಾರಿಸಿದರು.

1919ರಲ್ಲಿ ಅಮೆರಿಕಕ್ಕೆ ಹೋದರು. ಹೆಲಿಕಾಪ್ಟರಿನ ಆಸೆ ಬಿಟ್ಟಿರಲಿಲ್ಲ. 1939ರ ಸೆಪ್ಟೆಂಬರ್ 14ರಂದು ಅವರ ವಿಎಸ್-300 ಹೆಲಿಕಾಪ್ಟರ್ ಕೆಲವು ಸೆಕೆಂಡು ನೆಲ ಬಿಟ್ಟು ಮೇಲೆದ್ದಿತು. 1943ರಲ್ಲಿ ಅದು ವಸ್ತುಸಂಗ್ರಹಾಲಯ ಸೇರಿತು. ಸಿಕೋರ್ಸ್ಕಿ 1972ರಲ್ಲಿ ನಿಧನರಾದರು.

ಹಳೆಯ ಹೆಲಿಕಾಪ್ಟರುಗಳನ್ನು ಇಂದೂ ಹಾರಿಸುವುದು ಸುಲಭವಲ್ಲ. ಹಾರುವಾಗ ಅದರ ಭಾಗಗಳು ಸದಾ ಅದುರುತ್ತವೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದಿಲ್ಲವೇ? ಹಾಗೆಯೇ ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಆದ್ದರಿಂದ ಮುಖ್ಯ ಭಾಗಗಳಿಗೆ ಇಷ್ಟು ಗಂಟೆ ಎಂಬ ಆಯುಸ್ಸು ಗೊತ್ತುಮಾಡಿರುತ್ತಾರೆ. ಅದು ಮುಗಿದರೆ, ಚೆನ್ನಾಗಿ ಕಂಡರೂ ಬದಲಾಯಿಸಲೇಬೇಕು. ತಯಾರಿಕೆ ನಿಂತುಹೋದ ಬಿಡಿಭಾಗ ಸಿಗದಿದ್ದರೆ ಹಾರಾಟವೂ ನಿಲ್ಲುತ್ತದೆ.

ನಿಮ್ಮ ಸೈಕಲ್ಲಿನ ಬ್ರೇಕ್ ಕಟ್ಟೆ ಸವೆದಿದೆಯೇ? ಇಂದೇ ನೋಡಿ.