ಫ್ರಿಟ್‌ಯೋಫ್ ನಾನ್ಸೆನ್: ಕಡಲಿನಿಂದ ಪಾಸ್‌ಪೋರ್ಟಿನವರೆಗೆ

ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಿ ಎಂದು ಸಂಪಾದಕ ಬಳಗದವರು ಕೇಳಿದಾಗ ನಾನು ನಾರ್ವೆ ದೇಶದ ಫ್ರಿಟ್‌ಯೋಫ್ ನಾನ್ಸೆನ್ ಅವರ ಹೆಸರು ಹೇಳಿದೆ. ಬಸವಣ್ಣ, ಕುವೆಂಪು, ವಿಶ್ವೇಶ್ವರಯ್ಯ ಇವರನ್ನೆಲ್ಲ ಬಿಟ್ಟು ಹಿಮದ ನಾಡಿನವರೇಕೆ ಎಂದು ಕೆಲವರು ಹುಬ್ಬೇರಿಸಿದರು. ಕಾರಣ ಎರಡು. ಕಡಲಿನ ನೀರು ಹೇಗೆ ಬೆರೆಯುತ್ತದೆ, ಹವಾಮಾನಕ್ಕೂ ಅದಕ್ಕೂ ಏನು ನಂಟು ಎಂಬ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಅವರು ಮುಖ್ಯರು. ಕುವೈತಿನ ಕಡಲ ದಂಡೆಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದು ಬೇಕಾದ ವಿದ್ಯೆ. ಇನ್ನೊಂದು, ಪಾಸ್‌ಪೋರ್ಟ್ ಮತ್ತು ಸಿವಿಲ್ ಐಡಿ ನಂಬಿ ಬದುಕು ಕಟ್ಟಿಕೊಂಡ ನಮ್ಮಂಥವರು ತಿಳಿದಿರಲೇಬೇಕಾದ ಒಂದು ಕೆಲಸವನ್ನು ಅವರು ಮಾಡಿದ್ದಾರೆ.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಇಂದಿನ ಓಸ್ಲೋ ನಗರದ ಹತ್ತಿರ. ತಂದೆ ವಕೀಲರು. ಹುಡುಗನಿಗೆ ಸ್ಕೀಯಿಂಗ್ ಎಂದರೆ ಪ್ರಾಣ. ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡದ್ದು ಪ್ರಾಣಿಶಾಸ್ತ್ರ. 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಉತ್ತರದ ಹಿಮಸಾಗರ ನೋಡಿ ಬಂದ ಮೇಲೆ ಬರ್ಗೆನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದರು. ನರಮಂಡಲದ ಬಗ್ಗೆ ಬರೆದ ಪ್ರಬಂಧಕ್ಕೆ 1888ರಲ್ಲಿ ಡಾಕ್ಟರೇಟ್ ಬಂತು. ಅದೇ ವರ್ಷ ಐವರು ಜೊತೆಗಾರರೊಂದಿಗೆ ಗ್ರೀನ್‌ಲ್ಯಾಂಡಿನ ಹಿಮದ ಒಡಲನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ಜನರಿಲ್ಲದ ಪೂರ್ವ ದಂಡೆಯಿಂದಲೇ ಹೊರಟದ್ದು ಬೇಕೆಂದೇ. ಹಿಂದೆ ತಿರುಗಿದರೆ ಊಟವಿಲ್ಲ, ಹಡಗಿಲ್ಲ, ಮುಂದೆ ಹೋಗಲೇಬೇಕು.

ಅವರ ದೊಡ್ಡ ಸಾಹಸ ಫ್ರಾಂ ಹಡಗಿನದು. ಸೈಬೀರಿಯಾದ ಉತ್ತರಕ್ಕೆ 1881ರಲ್ಲಿ ಮಂಜಿಗೆ ಸಿಕ್ಕಿ ಮುಳುಗಿದ ಅಮೆರಿಕದ ಜೆನೆಟ್ ಹಡಗಿನ ಸಾಮಾನುಗಳು ಮೂರು ವರ್ಷಗಳ ನಂತರ ಗ್ರೀನ್‌ಲ್ಯಾಂಡಿನ ದಂಡೆಯಲ್ಲಿ ಸಿಕ್ಕಿದ್ದವು. ಹಾಗಾದರೆ ಧ್ರುವ ಸಾಗರಕ್ಕೆ ಅಡ್ಡಲಾಗಿ ಒಂದು ಪ್ರವಾಹ ಇರಲೇಬೇಕು ಎಂದು ನಾನ್ಸೆನ್ ಲೆಕ್ಕ ಹಾಕಿದರು. ಹಡಗನ್ನು ತಾವಾಗಿಯೇ ಮಂಜಿನಲ್ಲಿ ಸಿಕ್ಕಿಸಿ, ಪ್ರವಾಹ ಎಳೆದತ್ತ ಸಾಗುವುದು ಅವರ ಯೋಜನೆ. ಹಿರಿಯ ಅನ್ವೇಷಕರು ಇದನ್ನು ಹುಚ್ಚುತನವೆಂದೇ ಬಗೆದರು. ಕಾಲಿನ್ ಆರ್ಚರ್ ಎಂಬ ಹಡಗು ತಜ್ಞರು ಅರ್ಧ ತೆಂಗಿನ ಗೆರಟೆಯಂಥ ದುಂಡು ತಳದ ಹಡಗು ಕಟ್ಟಿಕೊಟ್ಟರು. ಮಂಜು ಎರಡೂ ಕಡೆಯಿಂದ ಒತ್ತಿದರೆ ಅದು ಒಡೆಯದೆ ಮೇಲಕ್ಕೆ ಜಾರುತ್ತಿತ್ತು.

ಫ್ರಾಂ 1893ರ ಜೂನ್ 24ರಂದು 13 ಜನರನ್ನು ಹೊತ್ತು ಹೊರಟಿತು. ನಾನ್ಸೆನ್ ಅವರ ಮಗಳು ಲಿವ್‌ಗೆ ಆಗ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅವರು ಮನೆಗೆ ಮರಳುವ ಹೊತ್ತಿಗೆ ಮಗುವಿಗೆ ಮೂರೂವರೆ ವರ್ಷ. ಮಗುವಿನ ಮೊದಲ ಹೆಜ್ಜೆ, ಮೊದಲ ಮಾತು ಯಾವುದನ್ನೂ ಅಪ್ಪ ಕಾಣಲಿಲ್ಲ. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದು ವರ್ಷಗಟ್ಟಲೆ ಇಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮೂರು ವರ್ಷಗಳ ಕಥೆಯಲ್ಲಿ ಜನರಿಗೆ ನೆನಪಿರುವುದು ಸಾಹಸದ ಭಾಗ. 1895ರ ಮಾರ್ಚಿನಲ್ಲಿ ಯಾಲ್ಮರ್ ಯೋಹಾನ್ಸೆನ್ ಎಂಬ ಸಂಗಾತಿಯೊಂದಿಗೆ ಹಡಗು ಬಿಟ್ಟು ನಾಯಿಗಾಡಿಗಳಲ್ಲಿ ಧ್ರುವದತ್ತ ನಡೆದದ್ದು. ಏಪ್ರಿಲ್‌ನಲ್ಲಿ 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶದವರೆಗೆ, ಅಂದರೆ ಅದುವರೆಗೆ ಯಾರೂ ಮುಟ್ಟದಷ್ಟು ಉತ್ತರಕ್ಕೆ ಹೋದದ್ದು. ಮರಳುವಾಗ ಒಂದು ಇಡೀ ಚಳಿಗಾಲವನ್ನು ಕಲ್ಲಿನ ಗುಡಿಸಲಿನಲ್ಲಿ ಹಿಮಕರಡಿ, ವಾಲ್ರಸ್ ಮಾಂಸ ತಿಂದು ಕಳೆದದ್ದು. 1896ರ ಆಗಸ್ಟ್ 13ರಂದು ಇಬ್ಬರೂ ನಾರ್ವೆಯ ವಾರ್ಡೊ ಬಂದರು ಸೇರಿದರು. ಅದೇ ದಿನ ಫ್ರಾಂ ಕೂಡ ಮಂಜಿನಿಂದ ಬಿಡಿಸಿಕೊಂಡಿತು.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಅವರು ತಂದ ಅಳತೆಯ ಪುಸ್ತಕಗಳೇ ದೊಡ್ಡ ಸಂಪತ್ತು. ಧ್ರುವ ಸಾಗರ ಆಳವಿಲ್ಲದ್ದು ಎಂಬ ನಂಬಿಕೆ ಇತ್ತು. ಅದು 3000 ಮೀಟರಿಗೂ ಹೆಚ್ಚು ಆಳವೆಂದು ತಿಳಿಯಿತು. ಮೇಲಿನ ಕೊರೆಯುವ ನೀರಿನ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರಿನ ಪದರವೊಂದು ಸಿಕ್ಕಿತು. ಮಂಜು ಗಾಳಿ ಬೀಸಿದ ದಿಕ್ಕಿಗೇ ಸಾಗದೆ 20ರಿಂದ 40 ಡಿಗ್ರಿ ಬಲಕ್ಕೆ ಸರಿಯುವುದನ್ನು ನಾನ್ಸೆನ್ ಗಮನಿಸಿದರು. ಭೂಮಿ ತಿರುಗುವುದೇ ಇದಕ್ಕೆ ಕಾರಣವೆಂದು ಊಹಿಸಿ, ಲೆಕ್ಕವನ್ನು ವಾಗ್ನ್ ವಾಲ್‌ಫ್ರಿಡ್ ಎಕ್‌ಮನ್ ಎಂಬ ಯುವಕನಿಗೆ ಒಪ್ಪಿಸಿದರು. ಆ ಲೆಕ್ಕದಿಂದ ಹುಟ್ಟಿದ ಸಿದ್ಧಾಂತ ಇಂದಿಗೂ ಎಕ್‌ಮನ್ ಹೆಸರಿನಲ್ಲಿದೆ. ಮಳೆಗಾಲದಲ್ಲಿ ಮಂಗಳೂರು, ಮಲ್ಪೆಯ ಕಡಲಲ್ಲಿ ತಳದ ತಂಪು ನೀರು ಮೇಲೆದ್ದು ಮೀನಿಗೆ ಆಹಾರ ಒದಗಿಸುವುದನ್ನು ವಿವರಿಸಲು ವಿಜ್ಞಾನಿಗಳು ಬಳಸುವುದೂ ಅದೇ ಸಿದ್ಧಾಂತ. ನಮ್ಮ ಬೂತಾಯಿ, ಬಂಗುಡೆಯ ಹಿಂದೆ ಧ್ರುವದ ಮಂಜಿನ ಲೆಕ್ಕವಿದೆ.

ಇನ್ನೊಂದು ಸೋಜಿಗ. ಸೈಬೀರಿಯಾದ ದಂಡೆಯ ಬಳಿ ಎಂಜಿನ್ ಓಡುತ್ತಿದ್ದರೂ ಫ್ರಾಂ ತೆವಳತೊಡಗಿತ್ತು. ನಾವಿಕರು ಇದನ್ನು ಸತ್ತ ನೀರು ಎನ್ನುತ್ತಿದ್ದರು. ಇದನ್ನೂ ಬಿಡಿಸಿದವರು ಎಕ್‌ಮನ್. ಉಪ್ಪು ನೀರಿನ ಮೇಲೆ ಸಿಹಿನೀರಿನ ತೆಳು ಪದರ ನಿಂತಿದ್ದರೆ, ಹಡಗಿನ ಬಲವೆಲ್ಲ ಆ ಎರಡರ ನಡುವೆ ಕಣ್ಣಿಗೆ ಕಾಣದ ಅಲೆಗಳನ್ನು ಎಬ್ಬಿಸುವುದರಲ್ಲೇ ಖರ್ಚಾಗುತ್ತದೆ. ಕಡಲು ಒಂದೇ ಹದದ ನೀರಲ್ಲ, ಪದರ ಪದರವಾಗಿದೆ, ಸುಲಭವಾಗಿ ಬೆರೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮುಂದೆ ನಾನ್ಸೆನ್ ಪ್ರಾಣಿಶಾಸ್ತ್ರ ಬಿಟ್ಟು ಕಡಲಿಗೇ ನಿಂತರು. 1908ರಲ್ಲಿ ಸಾಗರಶಾಸ್ತ್ರದ ಪ್ರಾಧ್ಯಾಪಕರಾದರು. ಫ್ರಾಂ ಯಾತ್ರೆಯ ತಮ್ಮದೇ ಲವಣಾಂಶದ ಅಳತೆಗಳು ಸಾಲವೆಂದು ಕಂಡಾಗ ಉಪಕರಣಗಳನ್ನೇ ಸುಧಾರಿಸಲು ಕುಳಿತರು. ಬೇಕಾದ ಆಳದಿಂದ ನೀರನ್ನು ಹಿಡಿದು ತರುವ, ಅವರ ಹೆಸರಿನ ಲೋಹದ ಬಾಟಲಿಯನ್ನು ಮುಂದೆ ಹಲವು ದಶಕಗಳ ಕಾಲ ಜಗತ್ತಿನ ಸಂಶೋಧನಾ ಹಡಗುಗಳು ಬಳಸಿದವು. ಬ್ಯೋರ್ನ್ ಹೆಲಾಂಡ್-ಹಾನ್ಸೆನ್ ಅವರೊಂದಿಗೆ 1909ರಲ್ಲಿ ನಾರ್ವೆ ಸಮುದ್ರದ ಬಗ್ಗೆ ದೊಡ್ಡ ಗ್ರಂಥ ತಂದರು. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ, ಭಾರವಾಗಿ ತಳಕ್ಕಿಳಿಯುತ್ತದೆ. ಕಡಲು ಹೊತ್ತು ತರುವ ಶಾಖ ವರ್ಷದಿಂದ ವರ್ಷಕ್ಕೆ ಏರಿಳಿದಂತೆ ದಂಡೆಯ ಚಳಿ, ಮೀನುಗಾರಿಕೆಯೂ ಏರಿಳಿಯುತ್ತವೆ ಎಂದು ಅಂಕಿಗಳಿಂದ ತೋರಿಸಲು ಹೊರಟರು. ಇಂದಿನ ಹವಾಮಾನ ವಿಜ್ಞಾನಿಗಳು ನಡೆಯುತ್ತಿರುವುದು ಇದೇ ದಾರಿಯಲ್ಲಿ.

ನಮ್ಮ ಕೊಲ್ಲಿಯಲ್ಲೂ ಇದೇ ಆಟ, ಆದರೆ ಚಳಿಯ ಜೊತೆಗೆ ಬಿಸಿಲಿನ ಕೈವಾಡ ಹೆಚ್ಚು. 2016ರ ಜುಲೈನಲ್ಲಿ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಯಿತು. ಇಂಥ ನಾಡಿನಲ್ಲಿ ನೀರು ಆವಿಯಾಗಿ ಉಳಿದದ್ದು ಉಪ್ಪಾಗುತ್ತದೆ, ಭಾರವಾಗುತ್ತದೆ. ಆ ನೀರು ಹೊರ್ಮುಜ್ ಜಲಸಂಧಿಯಲ್ಲಿ ತಳ ಹಿಡಿದು ಹೊರಬಿದ್ದು, ನೂರಾರು ಮೀಟರ್ ಆಳದಲ್ಲಿ ಬೆರೆಯುತ್ತಾ ಅರಬ್ಬಿ ಸಮುದ್ರದೊಳಗೆ ಹರಡುತ್ತದೆ. ಅದೇ ಸಮುದ್ರದ ಆಚೆ ದಡದಲ್ಲಿ ಕಾರವಾರ, ಉಡುಪಿ, ಮಂಗಳೂರು ಇವೆ.

ವಿಜ್ಞಾನಿಯಾಗಿಯೇ ಉಳಿಯಲು ಕಾಲ ಅವರನ್ನು ಬಿಡಲಿಲ್ಲ. ನಾರ್ವೆ 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದ ಮೇಲೆ ಲಂಡನ್ನಿನಲ್ಲಿ ದೇಶದ ಪ್ರತಿನಿಧಿಯಾದರು. ಆ ಹುದ್ದೆಯಲ್ಲಿದ್ದಾಗಲೇ, 1907ರ ಡಿಸೆಂಬರಿನಲ್ಲಿ, ಪತ್ನಿ ಎವಾ ಊರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ನಾನ್ಸೆನ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಯುದ್ಧಕೈದಿಗಳನ್ನು ಊರಿಗೆ ಮುಟ್ಟಿಸುವ ಹೊಣೆಯನ್ನು ರಾಷ್ಟ್ರಸಂಘ ಅವರಿಗೆ ವಹಿಸಿತು. 4 ಲಕ್ಷಕ್ಕೂ ಹೆಚ್ಚು ಜನ ಮನೆ ಸೇರಿದರು. ಆಗ ಇನ್ನೊಂದು ತೊಡಕು ಎದುರಾಯಿತು. ರಷ್ಯಾದಿಂದ ಓಡಿಬಂದ ಲಕ್ಷಾಂತರ ಜನರ ಪೌರತ್ವವನ್ನೇ ಅಲ್ಲಿನ ಹೊಸ ಸರ್ಕಾರ ರದ್ದು ಮಾಡಿತ್ತು. ಅವರಿಗೆ ಗಡಿ ದಾಟಲು ಕಾಗದವಿಲ್ಲ, ಕೆಲಸ ಹುಡುಕಲು ಗುರುತಿಲ್ಲ. 1922ರಲ್ಲಿ ನಾನ್ಸೆನ್ ಅವರಿಗಾಗಿ ಒಂದು ಸರಳ ಗುರುತಿನ ಪತ್ರ ರೂಪಿಸಿ ದೇಶದೇಶಗಳನ್ನು ಒಪ್ಪಿಸಿದರು. ಅದೇ ನಾನ್ಸೆನ್ ಪಾಸ್‌ಪೋರ್ಟ್. ಮುಂದೆ 50ಕ್ಕೂ ಹೆಚ್ಚು ದೇಶಗಳು ಅದನ್ನು ಮಾನ್ಯ ಮಾಡಿದವು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಅವರಂಥವರೂ ಅದನ್ನು ಹಿಡಿದು ಬದುಕಿದರು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದರ ಹಣವನ್ನು ಪರಿಹಾರ ಕಾರ್ಯಗಳಿಗೇ ಕೊಟ್ಟರು. 1930ರ ಮೇ 13ರಂದು ತಮ್ಮ ಮನೆಯಲ್ಲಿ ತೀರಿಕೊಂಡರು.

1990ರ ಆಗಸ್ಟ್ ತಿಂಗಳನ್ನು ಇಲ್ಲಿ ಕಂಡ ಹಿರಿಯರು ನಮ್ಮ ಸಮುದಾಯದಲ್ಲಿದ್ದಾರೆ. ಆಗ ಸುಮಾರು 1.7 ಲಕ್ಷ ಭಾರತೀಯರು ಹೆಚ್ಚಾಗಿ ಅಮ್ಮಾನ್ ಮೂಲಕ ವಿಮಾನದಲ್ಲಿ ಊರು ಸೇರಿದರು. ಮನೆ, ಸಂಬಳ, ಉಳಿತಾಯ ಬಿಟ್ಟು ಹೊರಟವರ ಬೆನ್ನಿಗೆ ಒಂದು ದೇಶ ನಿಂತಿತ್ತು. ನಾನ್ಸೆನ್ ಕೈಹಿಡಿದವರಿಗೆ ಅದೂ ಇರಲಿಲ್ಲ. ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ತಿಳಿದಿರಲಿ.

ಪೋಷಕರಲ್ಲಿ ನನ್ನದೊಂದು ಮಾತು. ನಾನ್ಸೆನ್ ಆರಿಸಿದ್ದು ಪ್ರಾಣಿಶಾಸ್ತ್ರ, ಹೆಸರು ಮಾಡಿದ್ದು ಸಾಗರಶಾಸ್ತ್ರದಲ್ಲಿ, ಲೋಕಕ್ಕೆ ಬೇಕಾದದ್ದು ಇವೆರಡನ್ನೂ ಮೀರಿದ ಕೆಲಸಕ್ಕೆ. ಹತ್ತನೇ ತರಗತಿಗೇ ಮಗುವಿನ ಇಡೀ ಬದುಕನ್ನು ಗೆರೆ ಹಾಕಿ ತೀರ್ಮಾನಿಸುವ ಆತುರ ನಮಗೆ ಬೇಡ. ಶಿಕ್ಷಕ ಮಿತ್ರರಲ್ಲಿ ಇನ್ನೊಂದು ಕೋರಿಕೆ. ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪು ನೀರಿಗೆ ಬಣ್ಣ ಹಾಕಿ, ಚಮಚದ ಬೆನ್ನಿನ ಮೇಲೆ ಸಿಹಿನೀರನ್ನು ನಿಧಾನವಾಗಿ ಸುರಿಯಿರಿ. ಎರಡು ಪದರ ನಿಲ್ಲುತ್ತವೆ. ಯಾಕೆ ನಿಂತವು, ಯಾವಾಗ ಬೆರೆಯುತ್ತವೆ ಎಂದು ಮಕ್ಕಳೇ ಕನ್ನಡದಲ್ಲಿ ವಿವರಿಸಲಿ. ನಮ್ಮ ಭಾಷೆಯಲ್ಲಿ ಕಥೆ, ಪದ್ಯ ಹೇಳಬಲ್ಲ ಮಕ್ಕಳು ಕಡಲಿನ ಗುಟ್ಟನ್ನೂ ಹೇಳಬಲ್ಲರೆಂದು ಅವರಿಗೆ ಆಗ ಗೊತ್ತಾಗುತ್ತದೆ. ಈ ವರ್ಷ ಉತ್ತೀರ್ಣರಾದ ಎಲ್ಲ ಮಕ್ಕಳಿಗೂ ಶುಭವಾಗಲಿ.